ತಂಬಿ, ಚಿನ್ನದು ತಗೊ

ಮೊನ್ನೆ ಭಾನುವಾರ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಒಳಗಿಂದ ಬಿಸಿ ಧೂಳಿನ ವಾಸನೆ ಬಂತು. ಮೂಗಿಗೆ ಬಡಿದಿದ್ದೇ ತಡ, ನಂದಿದುರ್ಗ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಒಬ್ಬರು ಅಣ್ಣ ನೆನಪಾದರು. ಅವರ ಮನೆಯ ಮುಂದಿನ ಕೋಣೆಯಲ್ಲಿ ಯಾವಾಗಲೂ ಇದೇ ವಾಸನೆ... ಧೂಳು, ಬೆಸುಗೆಯ ಹೊಗೆ, ಹಣೆಯ ವಿಭೂತಿ.

ನಾನು ಬಂಗಾರಪೇಟೆಯಲ್ಲಿ ವೆಲ್ಡಿಂಗ್ ಮಾಡುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಯಾರ ಮುಂದೂ ಕೈ ಚಾಚದೆ ಅಂಗಡಿ ಹಾಕಿದೆ. ಗೇಮ್ ಆಡೋ ಕಂಪ್ಯೂಟರನ್ನು ಸೆಕೆಂಡ್ ಹ್ಯಾಂಡಲ್ಲಿ ತಂದಾಗ ಬೀದಿಯವರು ನಕ್ಕರು. "ಏನ್ಲಾ, ಮೀಸೆ ನರೆಯೋ ಒತ್ತಿಗೆ ಆಟಾನಾ?" ನಗಲಿ. ಸಂಜೆ ಅಂಗಡಿ ಮುಚ್ಚಿ ಅದರಲ್ಲಿ ಒಂದು ಗಂಟೆ ಲಾರಿ ಓಡಿಸಿದರೆ ಸೊಂಟದ ನೋವು ಮರೆಯುತ್ತಿತ್ತು. ನಾನು ಮಾಡಿದ ಗೇಟು, ಕಿಟಕಿ ಗ್ರಿಲ್ಲುಗಳ ಫೋಟೋನೂ ಅದರಲ್ಲೇ. ಓದಿದವರಿಗೆ ಮಾರ್ಕ್ಸ್ ಕಾರ್ಡ್ ಇದ್ದಂಗೆ ನನಗೆ ಅವು. ಗಿರಾಕಿ ಬಂದರೆ ಬಾಯಲ್ಲಿ ಹೇಳುತ್ತಿರಲಿಲ್ಲ, ತೋರಿಸುತ್ತಿದ್ದೆ.

ಒಂದಿನ ಹಾರ್ಡ್ ಡಿಸ್ಕು ಟಿಕ್ ಟಿಕ್ ಅನ್ನತೊಡಗಿತು. ಲಾರಿ ನಡುರಸ್ತೆಯಲ್ಲಿ ನಿಂತಿತು. ಫೋಟೋ ತೆರೆದರೆ ಬರೀ ಕರೀ ಪರದೆ. ಕಂಪ್ಯೂಟರಿನ ಡಬ್ಬವನ್ನು ಬೆಡ್‌ಶೀಟಲ್ಲಿ ಸುತ್ತಿ, ಬೈಕಿನ ಟ್ಯಾಂಕ್ ಮೇಲಿಟ್ಟುಕೊಂಡು ಅಣ್ಣನ ಹತ್ತಿರ ಹೋದೆ.

ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ಮೇಜಿನ ಮೇಲೆ ಎರಡು ಡಿಸ್ಕ್ ಇಟ್ಟರು. ಒಂದು ಇಟ್ಟಿಗೆ ಚೂರಿನಂಥ ಕಬ್ಬಿಣದ್ದು. ಇನ್ನೊಂದು ಮುರಿದ ಬಾಚಣಿಗೆಯಷ್ಟೇ ಇತ್ತು, ತುದಿಗೆ ಫಳಫಳ ಹೊಳೆಯುವ ಹಳದಿ ಹಲ್ಲು.

"ತಂಬಿ, ಚಿನ್ನದು ತಗೊ. ಗೇಮು ಬೇಗ ಓಪನ್ ಆಗುತ್ತೆ."

ನನಗೆ ರೇಗಿತು. ಹಳ್ಳಿಯವನು ಅಂತ ಚಿನ್ನದ ಆಸೆ ತೋರಿಸಿ ತಲೆಗೆ ಕಟ್ಟುತ್ತಿದ್ದಾರೆ ಅಂದುಕೊಂಡೆ. "ಚಿನ್ನ ಗಿನ್ನ ಬ್ಯಾಡಣ್ಣ. ನಾನು ಕಬ್ಬಿಣ ನಂಬಿ ಬದುಕ್ದೋನು, ಕಬ್ಬಿಣದ್ದೇ ಕೊಡಿ!"

ಅವರು ಒಂದು ಗಳಿಗೆ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ತಂಬಿ! ನಮ್ಮ ತಮಿಳಲ್ಲಿ ಚಿನ್ನದು ಅಂದ್ರೆ ಸಣ್ಣದು. ನಮ್ಮಪ್ಪ ಆಯಸ್ಸೆಲ್ಲ ಗಣಿಯಲ್ಲಿ ಅಗೆದ್ರೂ ಮನೆಗೆ ಬರದ ಚಿನ್ನ, ನನ್ನ ಮೇಜಿನ ಮೇಲೆ ಎಲ್ಲಿಂದ ಬರುತ್ತೆ?"

ನಮ್ಮ ಮನೆಮಾತು ತೆಲುಗು. ಅದರಲ್ಲೂ ಚಿನ್ನ ಅಂದರೆ ಚಿಕ್ಕದೇ. ಗೊತ್ತಿದ್ದೂ ಎಡವಿದ್ದೆ... ಕಣ್ಣು ಆ ಹಳದಿ ಹಲ್ಲುಗಳ ಮೇಲಿತ್ತಲ್ಲ! ಮುಖ ಬಿಸಿಯಾಯಿತು. ನಗಲಿಲ್ಲ ನಾನು.

ಅವರು ಡಬ್ಬ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದರು. ಅವರ ನಗುವೂ ನಿಂತಿತು. "ನನ್ನ ತಪ್ಪು ನಿಂದಕ್ಕಿಂತ ದೊಡ್ಡದು ತಂಬಿ. ನಿನ್ನ ಬೋರ್ಡಲ್ಲಿ ಇದನ್ನ ಸಿಗಿಸೋಕೆ ಜಾಗಾನೇ ಇಲ್ಲ. ಬಿಚ್ಚೋಕೆ ಮುಂಚೆ ಬಾಯಿ ಬಿಟ್ಟೆ. ಇನ್ಮೇಲೆ ಯಾರು ಹೇಳಿದ್ರೂ ಕೇಳ್ಬೇಡ, ನಾನು ಹೇಳಿದ್ರೂ. ಬಿಚ್ಚಿ ನೋಡು, ಆಮೇಲೆ ತಗೊ."

ಬೀರುವಿನಿಂದ ಮೂರನೆಯದೊಂದು ತೆಗೆದರು. ಚಪ್ಪಟೆ, ಹಗುರ, ಹಳೇ ಕೇಬಲ್ಲಿಗೇ ಕೂರುವಂಥದ್ದು. ಟಿಕ್ ಟಿಕ್ ಡಿಸ್ಕಿಂದ ಅದಕ್ಕೆ ಕಾಪಿ ಹಾಕಿದರು. ಅರ್ಧ ದಾರಿಯಲ್ಲಿ ಸದ್ದು ಜಾಸ್ತಿಯಾಯಿತು. ಡಿಸ್ಕ್ ಬಿಸಿಯಾಗುತ್ತಿದೆ ಅಂತ ಅವರು ಟೇಬಲ್ ಫ್ಯಾನ್ ತಂದು ಅದರತ್ತ ತಿರುಗಿಸಿ, ತಾವು ಬೆವರುತ್ತ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.

ಕೊನೆಗೆ ನನ್ನ ಮೊದಲ ಗೇಟು ಪರದೆ ಮೇಲೆ ಬಂತು. ಬೂದಿಕೋಟೆಯ ಮನೆಯೊಂದರದು, ನವಿಲಿನ ಕತ್ತು ಸ್ವಲ್ಪ ಸೊಟ್ಟ. ಆಮೇಲೆ ಒಂದೊಂದಾಗಿ ಎಲ್ಲವೂ. ಉಸಿರು ಬಿಟ್ಟೆ ನೋಡಿ... ಆಗ ನಗು ಬಂತು, ಇಬ್ಬರಿಗೂ.

ಅಣ್ಣ ಈಗಿಲ್ಲ. ಹೋಗಿ ಎರಡು ವರ್ಷ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಈಚೆಗೆ ಬೋರ್ಡು ಬದಲಾಯಿಸಿದ್ದೆ. ಹೊಸ ಲಾರಿ ಆಟಕ್ಕೆ ಡಿಸ್ಕಲ್ಲಿ ಜಾಗ ಸಾಲುತ್ತಿರಲಿಲ್ಲ. ಅದಕ್ಕೇ ಮೊನ್ನೆ ತಗಡು ಬಿಚ್ಚಿ, ಬೋರ್ಡಲ್ಲಿ ಸಿಗಿಸುವ ಜಾಗ ನೋಡಿ, ಟೇಪಲ್ಲಿ ಉದ್ದ ಅಳೆದು, ಆಮೇಲೆ ಹಳದಿ ಹಲ್ಲಿನ ಸಣ್ಣದನ್ನೇ ತಂದೆ. ಸರಿಯಾಗಿ ಕೂತಿತು. ಫೋಟೋಗಳನ್ನೂ ಅದಕ್ಕೆ ಹಾಕಿ, ಪೆನ್ ಡ್ರೈವಲ್ಲೂ ಇನ್ನೊಂದು ಪ್ರತಿ ಇಟ್ಟೆ. ಮನಸ್ಸು ಹಗುರಾಯಿತು.

ನಿನ್ನೆ ಬೇತಮಂಗಲದವರೊಬ್ಬರು ಗೇಟ್ ನೋಡೋಕೆ ಬಂದರು. ಫೋಟೋಗಳು ಫಟಫಟ ಬಂದವು. "ಕಂಪ್ಯೂಟರನ್ನ ಇಷ್ಟು ಫಾಸ್ಟಾಗಿ ಯಾರು ಮಾಡಿಕೊಟ್ರು?" ಅಂದರು.

"ನಾನೇ," ಅಂದೆ, ಎದೆ ಉಬ್ಬಿಸಿ. ಅಂದಮೇಲೆ ಕಂಪ್ಯೂಟರಿನ ತಗಡಿನ ಮೇಲೆ ಕೈಯಿಟ್ಟೆ.

"ಒಬ್ಬರು ಅಣ್ಣ ಇದ್ರು," ಅಂದೆ. "ಅವರು ಹೇಳಿಕೊಟ್ಟಿದ್ದು."