ಹೆಸರಿಗೆ ಬಿಟ್ಟ ಜಾಗ

ಸಾಲ್ಟ್ ಲೇಕಿನ ಆ ಬ್ಲಾಕಿನಲ್ಲಿ ರತ್ನಾಕರ ಎಂದರೆ ಯಾರಿಗೂ ಗೊತ್ತಾಗದು. ‘ದರ್ಖಾಸ್ತು ಕಾಕು’, ಅಂದರೆ ಅರ್ಜಿ ಚಿಕ್ಕಪ್ಪ ಎನ್ನಿ, ಆಟೋದವನು ಬಾಗಿಲಿಗೇ ತಂದು ಬಿಡುತ್ತಾನೆ. ಉಡುಪಿ ಕಡೆಯ ಈ ಮನುಷ್ಯ ಬ್ಯಾಂಕಿನ ವರ್ಗಾವಣೆಯ ಮೇಲೆ ಕೋಲ್ಕತ್ತಕ್ಕೆ ಬಂದವರು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ಅರ್ಜಿ ಬರೆಯುವುದೆಂದರೆ ಅವರಿಗೆ ಹಬ್ಬ. ಗ್ಯಾಸು, ಪಿಂಚಣಿ, ಶಾಲೆಯ ಸೀಟು, ಏನೇ ಇರಲಿ, ಬಿಳಿ ಹಾಳೆ ಎಳೆದುಕೊಂಡು ಸೊಗಸಾದ ಇಂಗ್ಲಿಷಿನಲ್ಲಿ ಇಳಿಸಿಬಿಡುತ್ತಿದ್ದರು. ಬಿಡಿಗಾಸು ಮುಟ್ಟುತ್ತಿರಲಿಲ್ಲ, ಹೊಗಳಿಕೆ ಮಾತ್ರ ಎಷ್ಟು ಬಡಿಸಿದರೂ ಸಾಕೆನ್ನುತ್ತಿರಲಿಲ್ಲ.

ಅವರದೊಂದು ನೇಮವಿತ್ತು. ಹೆಸರಿನ ಜಾಗವನ್ನು ಖಾಲಿ ಬಿಡುವುದು. ಗಿರಾಕಿಯ ಹೆಸರನ್ನು ಗಿರಾಕಿಯೇ ತನ್ನ ಕೈಯಾರೆ ತುಂಬಬೇಕು, ಕೌಂಟರಿನ ಒಳಗೆ ಕೂತವನು ಅದನ್ನು ಮುಟ್ಟಬಾರದು. ಬ್ಯಾಂಕು ಕಲಿಸಿದ ಪಾಠ ಅದು. ಹೀಗಾಗಿ ಬಂದವರ ಹೆಸರು ಕೇಳುವ ಅಭ್ಯಾಸವೇ ಅವರಿಗಿರಲಿಲ್ಲ. “ನಿಮ್ಮ ಈ ನೇಮಕ್ಕೊಂದು ಪೂಜೆ ಇಟ್ಕೊಳ್ಳುವ ಮಾರಾಯ್ರೆ” ಎಂದು ಹೆಂಡತಿ ಗುಲಾಬಿ ಗೇಲಿ ಮಾಡುತ್ತಿದ್ದರು.

ಕೆಳಗಿನ ಮನೆಯಲ್ಲಿ ಕೋಕಿಲಾ ಇದ್ದಳು. ಅವಳದೂ ಉಡುಪಿ ಕಡೆ, ಹೌರಾದ ಬ್ಯಾಂಕೊಂದರಲ್ಲಿ ಕೆಲಸ. ಹದಿನೈದು ವರ್ಷದ ಹಿಂದೆ ಅದೇ ಹೌರಾದ ಬಾಡಿಗೆ ಮನೆಯಲ್ಲಿ ಅವಳ ತಂಗಿ ನಿಶ್ಮಿತಾ, ತಂಗಿಯ ಗಂಡ ಜೀವನ್, ಆರು ವರ್ಷದ ಮಗ ವಿಖ್ಯಾತ್, ಮೂವರನ್ನೂ ಮನೆ ಖಾಲಿ ಮಾಡಿಸುವ ಜಗಳದಲ್ಲಿ ಮಾಲೀಕನ ಮಗ ಕಡಿದು ಹಾಕಿದ್ದ. ಕೆಳಗಿನ ಕೋರ್ಟು ಗಲ್ಲು ಎಂದಿತು. ಮೇಲಿನ ಕೋರ್ಟು ಅದನ್ನು ಮೂರು ಜೀವಾವಧಿ ಮಾಡಿ, ಮೂರೂ ಒಟ್ಟೊಟ್ಟಿಗೆ ನಡೆಯಲಿ ಎಂದಿತು.

ಆ ದಿನ ಕೋಕಿಲಾ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದಳು. “ಒಂದು ಕೊಲೆಗೂ ಅಷ್ಟೇ, ಮೂರಕ್ಕೂ ಅಷ್ಟೇ. ಗರಿಯಾಹಾಟಿನ ಚೈತ್ರ ಸೇಲಿನಲ್ಲಿ ಸೀರೆಯನ್ನೂ ಹೀಗೆ ಕೊಡುದಿಲ್ಲ ರತ್ನಾಕರಣ್ಣ. ಒಂದು ತಗೊಂಡ್ರೆ ಎರಡು ಫ್ರೀ!”

ಕಾನೂನು ಓದಿದವರು ಇದಕ್ಕೆ ನೂರು ಸಮಜಾಯಿಷಿ ಕೊಡುತ್ತಾರೆ, ಹೆಣ ಎತ್ತಿದವರಿಗೆ ಒಂದೂ ಗಂಟಲಲ್ಲಿ ಇಳಿಯುವುದಿಲ್ಲ.

ಈ ಸಲದ ದುರ್ಗಾಪೂಜೆಗೆ ತಿಂಗಳಿರುವಾಗ ಕೋಕಿಲಾ ಕೆಲಸ ಮುಗಿಸಿ ದೋಣಿ ಹಿಡಿಯಲು ಹೌರಾದ ಘಾಟಿಗೆ ಬಂದಳು. ಆ ಮಾಲೀಕನ ಮಗ ಅಲ್ಲಿ ನಿಂತಿದ್ದ. ಹೊಟ್ಟೆ ಬಂದಿತ್ತು, ಕೂದಲಿಗೆ ಬಣ್ಣ ಹಚ್ಚಿದ್ದ. ಝಾಲ್‌ಮುಡಿ ಎಂಬ ಖಾರ ಮಂಡಕ್ಕಿ ಮಾರುವವನ ಮುಂದೆ ಕೈಚಾಚಿ, ಸಾಸಿವೆ ಎಣ್ಣೆ ಇನ್ನಷ್ಟು ಹಾಕು, ಕಂಜೂಸು ಮಾಡಬೇಡ ಎಂದು ನಗುತ್ತಿದ್ದ. ಆ ಕೈ ಏನು ಮಾಡಿತ್ತೆಂದು ಕೋಕಿಲಾಗೆ ಗೊತ್ತಿತ್ತು. ಕಟಕಟೆಯಲ್ಲಿ ನಿಂತು ಅವನನ್ನು ಗುರುತಿಸಿದವಳೇ ಅವಳು. ಬಂದ ದೋಣಿಯನ್ನು ಬಿಟ್ಟು ಅವಳು ಘಾಟಿನ ಮೆಟ್ಟಿಲು ಹತ್ತಿ ಹಿಂತಿರುಗಿದಳು.

ವಕೀಲರನ್ನು ಹಿಡಿದು ವಿಚಾರಿಸಿದರೆ ಅವನು ಪೆರೋಲಿನ ಮೇಲೆ ಹೊರಗಿದ್ದ. ಅಷ್ಟೇ ಅಲ್ಲ, ಸನ್ನಡತೆ ತೋರಿಸಿದ್ದಾನೆಂದು ಪೂರ್ತಿ ಬಿಡುಗಡೆಗೂ ಕಡತ ಓಡುತ್ತಿತ್ತು. ಕೋಕಿಲಾ ಆ ಕಡತದ ಪ್ರತಿಗಳನ್ನೆಲ್ಲ ತಂದು ರತ್ನಾಕರರ ಮೇಜಿನ ಮೇಲೆ ಹಾಕಿದಳು.

“ಇದಕ್ಕೆ ತಕರಾರು ಅರ್ಜಿ ಹಾಕ್ಬೇಕು. ನೀವೇ ಬರೀಬೇಕು. ಆ ದರಿದ್ರದವನಿಗೆ ಪೆರೋಲಿನ ಅರ್ಜಿ ಯಾರು ಬರ್ದು ಕೊಟ್ಟದ್ದೋ, ಓದಿದ್ರೆ ಕಲ್ಲೂ ಕರಗ್ತದೆ. ಅವರ ಕೈಗೆ ಹುಳ ಬೀಳ!”

ರತ್ನಾಕರ ಕನ್ನಡಕ ಏರಿಸಿ ಓದತೊಡಗಿದರು. ‘ಹಾಸಿಗೆ ಹಿಡಿದ ತಾಯಿಯೊಬ್ಬಳು ಹದಿನಾಲ್ಕು ಪೂಜೆಗಳ ಡೋಲಿನ ಸದ್ದನ್ನು ಮಗನಿಲ್ಲದ ಮನೆಯಲ್ಲಿ ಮಲಗಿ ಕೇಳಿದ್ದಾಳೆ.’ ಪೆರೋಲಿನ ಆದೇಶದಲ್ಲೂ ಜೈಲಿನ ಸಾಹೇಬರು ಇದೇ ಸಾಲನ್ನು ಎತ್ತಿ ಬರೆದಿದ್ದರು.

ಕಾಫಿ ತರುತ್ತಿದ್ದ ಗುಲಾಬಿ ಬಾಗಿಲಲ್ಲೇ ನಿಂತರು. ಅವರಿಗೆ ಈ ಸಾಲು ಬಾಯಿಪಾಠವಿತ್ತು. ಬರೆದ ದಿನ ಗಂಡ ಮೂರು ಸಲ ಓದಿ ಹೇಳಿದ್ದರು. ಪಕ್ಕದ ಬ್ಲಾಕಿನ ಅಡುಗೆಯವಳು ತನ್ನ ಅಕ್ಕನನ್ನು ಕರೆತಂದಿದ್ದಳು. ಗಂಡ ಜೈಲಿನಲ್ಲಿದ್ದಾನೆ, ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಮನೆಜಗಳ, ಸಿಟ್ಟಿನಲ್ಲಿ ಆಗಿಹೋಯಿತು ಎಂದು ಆಕೆ ಕಣ್ಣೊರೆಸಿಕೊಂಡಿದ್ದಳು. ಎಷ್ಟು ಜನ ಸತ್ತರೆಂದು ರತ್ನಾಕರ ಕೇಳಲಿಲ್ಲ. ಹೆಸರಂತೂ ಕೇಳಲೇ ಇಲ್ಲ. ಈಗ ಆ ಖಾಲಿ ಜಾಗದಲ್ಲಿ ವಕ್ರ ಅಕ್ಷರದ ಒಂದು ಹೆಸರು ಕೂತಿತ್ತು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಗುಲಾಬಿ ಬಾಯಿ ಬಿಡುತ್ತಿರಲಿಲ್ಲ. ಆದರೆ ತನ್ನದೇ ಸಾಲು ಎಂಜಲಿನ ಹಾಗೆ ನಾಲಿಗೆಗೆ ಅಂಟಿಕೊಂಡು ರತ್ನಾಕರರಿಗೆ ಹೇಸಿಗೆಯಾಯಿತು.

“ಕೋಕಿಲಾ, ಇದನ್ನು ಬರ್ದದ್ದು ನಾನು. ಯಾರಿಗೆ ಅಂತ ಗೊತ್ತಿರ್ಲಿಲ್ಲ. ಕೇಳ್ಲಿಲ್ಲ.”

ಕೋಕಿಲಾ ಪ್ರತಿಗಳನ್ನೆಲ್ಲ ಒಟ್ಟುಮಾಡಿಕೊಂಡಳು. ಕಾಫಿ ಮುಟ್ಟದೆ ಎದ್ದು ಹೋದಳು. ಮೂರು ದಿನ ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಇಳಿದು ಹೋದಳು.

ನಾಲ್ಕನೆಯ ದಿನ ಬಂದು ನಿಂತೇ ಹೇಳಿದಳು: “ಮೂರು ಅರ್ಜಿ ಬರೀರಿ. ಒಬ್ಬೊಬ್ಬರದ್ದು ಬೇರೆ ಬೇರೆ. ಡೋಲು ಗೀಲು ಎಂತದೂ ಬೇಡ. ಹೆಸರು ಮಾತ್ರ ನೀವೇ ತುಂಬ್ಬೇಕು, ನಿಮ್ಮ ಕೈಯಲ್ಲೇ.”

ರತ್ನಾಕರ ಬರೆದರು. ಯಾರು, ಯಾವ ದಿನ, ಎಷ್ಟು ಏಟು, ಅಷ್ಟೇ. ನಿಶ್ಮಿತಾ ಎಂದು ತುಂಬಿದರು, ಜೀವನ್ ಎಂದು ತುಂಬಿದರು. ವಿಖ್ಯಾತ್, ವಯಸ್ಸು ಆರು ಎಂದು ಬರೆಯುವಾಗ ಪೆನ್ನು ಒತ್ತಿ ಹಾಳೆ ಹರಿಯಿತು. ಇನ್ನೊಂದು ಹಾಳೆ ತೆಗೆದರು.

ಮರುದಿನ ಇಬ್ಬರೂ ಬಿಡುಗಡೆಯ ಕಡತ ನೋಡುವ ಬೋರ್ಡಿನ ಕಚೇರಿಗೆ ಹೋದರು. ಗುಮಾಸ್ತ ಪಾನ್ ಜಗಿಯುತ್ತ ಹಾಳೆಗಳನ್ನು ಮಗುಚಿದ.

“ಮೂರು ಯಾಕೆ? ವಿಷಯ ಒಂದೇ ಅಲ್ಲವೇ?” ಎಂದವನೇ ಮೂರನ್ನೂ ಸೇರಿಸಿ ಒಂದು ಪಿನ್ನು ಚುಚ್ಚಿ, ಮೇಲಿನದರ ಮೇಲೆ ಒಂದು ಸೀಲು ಗುದ್ದಿದ.

ರತ್ನಾಕರ ಜೀವಮಾನದಲ್ಲಿ ಕೌಂಟರಿನ ಮುಂದೆ ದನಿ ಏರಿಸಿದವರಲ್ಲ. ಅವತ್ತು ಕೈ ಒಳಗೆ ಹಾಕಿ ಕಾಗದ ಎಳೆದುಕೊಂಡರು, ಪಿನ್ನು ಕಿತ್ತರು. “ಸತ್ತವರು ಮೂವರು. ಸೀಲೂ ಮೂರು. ಹೊಡಿ!”

“ಹಿರಿಯರೇ, ಬೋರ್ಡಿನವರಿಗೆ ಎಲ್ಲ ಒಂದೇ ಕಡತ. ಒಂದು ಹೊಡೆದರೇನು, ಮೂರು ಹೊಡೆದರೇನು?”

“ಹೊಡಿ ಅಂದೆ.”

ಹಿಂದಿನ ಸಾಲು ಗೊಣಗಿತು. ರತ್ನಾಕರ ಕದಲಲಿಲ್ಲ. ಗುಮಾಸ್ತ ಮುಖ ಸಿಂಡರಿಸಿಕೊಂಡು ಇನ್ನೆರಡು ಸೀಲು ಗುದ್ದಿದ, ಪ್ರತಿಗಳಿಗೂ ಗುದ್ದಿ ಈಚೆ ತಳ್ಳಿದ.

ಬಸ್ ಸ್ಟಾಪಿನಲ್ಲಿ ಕೋಕಿಲಾ ಅವರಿಂದ ಒಂದು ಮಾರು ದೂರವೇ ನಿಂತಳು. ಕ್ಷಮಿಸಿದೆ ಎನ್ನಲಿಲ್ಲ. ಅವನನ್ನು ಬಿಡುತ್ತಾರೆಂದು ಇಬ್ಬರಿಗೂ ಹೆಚ್ಚುಕಡಿಮೆ ಗೊತ್ತಿತ್ತು. ಬಸ್ಸು ತಡವಾಗಿತ್ತು. ಅವಳು ಮೂರು ಪ್ರತಿಗಳನ್ನು ಒಂದೊಂದಾಗಿ ನೋಡಿ ಚೀಲಕ್ಕೆ ಹಾಕಿಕೊಂಡಳು.

“ಹದಿನೈದು ವರ್ಷದಲ್ಲಿ ಸರ್ಕಾರ ಅವರನ್ನು ಮೂವರು ಅಂತ ಎಣಿಸಿದ್ದು ಇವತ್ತೇ” ಎಂದಳು. “ಅದೂ ನೀವು ಬೊಬ್ಬೆ ಹೊಡೆದ ಮೇಲೆ.”