ಹೆಸರಿನ ಪಕ್ಕದ ಚುಕ್ಕಿ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಡಗಿನ ಸರಕು ಬಿಡಿಸಿಕೊಡುವ ನಮ್ಮ ಕಂಪನಿಯ ಹೆಡ್ ಆಫೀಸು ಮುಂಬೈಯ ಫೋರ್ಟ್‌ನಲ್ಲಿ, ಗೋಡೌನು ವಡಾಲದಲ್ಲಿ. ಎರಡೂ ಕಡೆಯ ಕಂಪ್ಯೂಟರುಗಳನ್ನು ಜೋಡಿಸುವ ಬಾಡಿಗೆ ಟೆಲಿಫೋನ್ ಲೈನೊಂದಿತ್ತು. ಅದರ ಮೇಲೆ ಮಾತಾಡಿಕೊಳ್ಳಲು ನಾನೊಂದು ಪ್ರೋಗ್ರಾಮು ಬರೆದೆ. ಇಲ್ಲಿ ಒತ್ತಿದ ಅಕ್ಷರ ಆ ಕ್ಷಣವೇ ಅಲ್ಲಿನ ಪರದೆಯ ಮೇಲೆ ಮೂಡುತ್ತಿತ್ತು. ಸೀಟಿನಲ್ಲಿ ಇರುವವರ ಹೆಸರಿನ ಪಕ್ಕ ಒಂದು ಚುಕ್ಕಿ. ಎಲ್ಲರ ಮಾತೂ ತಮ್ಮ ಕ್ಯಾಬಿನ್ನಿನಲ್ಲಿ ಕಾಣಬೇಕು ಎಂದರು ಸಾಹೇಬರು. ಅದನ್ನೂ ನನ್ನ ಕೈಯಾರೆ ಮಾಡಿಕೊಟ್ಟೆ.

ಲೈನು ಆಗಾಗ ಕೈಕೊಡುತ್ತಿತ್ತು. ಮತ್ತೆ ಎಬ್ಬಿಸಲು ಬರುತ್ತಿದ್ದುದು ನನಗೊಬ್ಬಳಿಗೇ. ಹೀಗಾಗಿ ಊಟದ ಡಬ್ಬಿ ಬಿಚ್ಚುವುದೂ ಸೀಟಿನಲ್ಲೇ, ರಜೆ ಕೇಳಿದರೆ ಸಾಹೇಬರ ಮುಖ ಸಪ್ಪಗೆ. ಲೋಕಲ್ ರೈಲಿನಲ್ಲಿ ಗಂಟೆಯಾಚೆಯ ದಹಿಸರ್‌ನ ಮನೆಯಲ್ಲಿ ನಾಲ್ಕು ವರ್ಷದ ಮಗಳು ಪಕ್ಕದ ಮರಾಠಿ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿದ್ದಳು. ಅವರನ್ನು ‘ಆಜಿ’ ಎನ್ನುತ್ತಿದ್ದಳು. ನಾನು ತಲುಪುವ ಹೊತ್ತಿಗೆ ಅರೆನಿದ್ದೆ.

ಅಂಥದ್ದರಲ್ಲಿ ಮಲಾಡ್‌ನಲ್ಲಿ ಒಂದು ಕೆಲಸ ಸಿಕ್ಕಿತು. ದಹಿಸರ್‌ನಿಂದ ಮಲಾಡ್ ಎಂದರೆ ಪಕ್ಕದ ಬೀದಿಯಿದ್ದಂತೆ.

ವಡಾಲದ ಪರದೆಯ ಮುಂದೆ ಉಡುಪಿಯ ಗೆಳತಿಯೊಬ್ಬಳಿದ್ದಳು. ಇಂಗ್ಲಿಷ್ ಅಕ್ಷರಗಳಲ್ಲಿ ನಾವು ಕನ್ನಡದಲ್ಲೇ ಹರಟುತ್ತಿದ್ದೆವು. ಮುಂಬೈ ಕನ್ನಡಿಗರಿಗೆ ಇದೊಂದು ಚಟ: ಲೋಕಲ್‌ನಲ್ಲಿ ಎದುರು ಕೂತವರ ಸೀರೆಯನ್ನೂ ಕನ್ನಡದಲ್ಲಿ ಧೈರ್ಯವಾಗಿ ಆಡಿಕೊಳ್ಳುತ್ತೇವೆ, ಯಾರಿಗೂ ತಿಳಿಯದೆಂದು. ಸಾಹೇಬರ ಬಾಯಲ್ಲಿ ಹಿಂದಿ, ಇಂಗ್ಲಿಷ್ ಬಿಟ್ಟು ಬೇರೇನನ್ನೂ ನಾವು ಕೇಳಿರಲಿಲ್ಲ.

“ಮಲಾಡ್ ಕೆಲಸ ಆಯ್ತು ಕಣೇ. ಸೋಮವಾರ ರಾಜೀನಾಮೆ ಕೊಡ್ತೀನಿ. ಸಾಹೇಬ್ರಿಗೆ ಈಗ್ಲೇ ಗೊತ್ತಾಗೋದು ಬೇಡ,” ಎಂದು ಒತ್ತಿದೆ.

“ಒಳ್ಳೇದಾಯ್ತು ಮಾರಾಯ್ತಿ. ಮಗುವಿಗೆ ಅಮ್ಮ ಸಿಕ್ಕಿದ ಹಾಗಾಯ್ತು,” ಎಂದು ಬಂತು.

ಅದರ ಕೆಳಗೆ ಇನ್ನೊಂದು ಸಾಲು, ಒಂದೊಂದೇ ಅಕ್ಷರವಾಗಿ ಮೂಡತೊಡಗಿತು. ಸಾಹೇಬರದು. “ಯಾಕಮ್ಮಾ, ಇಲ್ಲಿ ಏನು ಕಮ್ಮಿ ಆಗಿದೆ?”

ಕುರ್ಚಿ ಸರಿಸಿ ಎದ್ದೆ. ಕ್ಯಾಬಿನ್ನಿಗೆ ಹೋದರೆ ಅವರು ಬೈಯಲಿಲ್ಲ.

“ನಮ್ಮ ತಾಯಿ ತುಮಕೂರಿನೋರು. ಅವರು ಹೋದ್ಮೇಲೆ ಮನೇಲಿ ಕನ್ನಡ ಆಡೋರೇ ಇಲ್ಲ. ನಿಮ್ಮಿಬ್ಬರ ಮಾತನ್ನ ದಿನಾ ಓದ್ತೀನಿ,” ಎಂದರು. ಬಿಡುಗಡೆ ಪತ್ರದ ಮಾತೆತ್ತಿದರೆ, “ಲೈನ್ ನೋಡ್ಕೊಳ್ಳೋರು ಇನ್ನೊಬ್ಬರು ಸಿಗಲಿ, ಆಮೇಲೆ ನೋಡೋಣ.”

ಕನಿಕರ ಬರಬೇಕಿತ್ತೇನೋ. ನನಗೆ ಬಂದದ್ದು ಮೈಯೆಲ್ಲ ಉರಿಯುವ ಸಿಟ್ಟು. ಇನ್ನೊಬ್ಬರನ್ನು ಅವರು ಹುಡುಕಲೇ ಇಲ್ಲ. ಪತ್ರವಿಲ್ಲದೆ ಮಲಾಡ್‌ನವರು ಸೇರಿಸಿಕೊಳ್ಳುವಂತಿರಲಿಲ್ಲ. ಒಂದಷ್ಟು ದಿನ ಕಾದು ಬೇರೆಯವರನ್ನು ತೆಗೆದುಕೊಂಡರು. ವಡಾಲದ ಗೆಳತಿ ಹೆದರಿ, ಲಾರಿ ಬಂತು, ಲಾರಿ ಹೋಯಿತು ಎನ್ನುವುದನ್ನು ಬಿಟ್ಟು ಬೇರೇನೂ ಬರೆಯದಾದಳು.

ಸಾಹೇಬರು ಮಾತ್ರ ಮಧ್ಯಾಹ್ನವಾದರೆ ಸಾಕು, “ಊಟ ಆಯ್ತಾ? ಏನು ಸಾರು?” ಎಂದು ಶುರು ಮಾಡುತ್ತಿದ್ದರು. ಸೀಟಿನಲ್ಲಿಲ್ಲ ಎನ್ನುವಂತಿಲ್ಲ, ಚುಕ್ಕಿ ಕಾಣುತ್ತಿತ್ತು. “ಆಯ್ತು ಸರ್, ಬೇಳೆ ಸಾರು,” ಎಂದು ಒತ್ತುತ್ತಿದ್ದೆ. ಅವರ ತಾಯಿಯ ಸಾರಿನ ಕತೆ ಆಮೇಲೆ ಪರದೆಯ ತುಂಬ ಇಳಿಯುತ್ತಿತ್ತು.

ಒಂದು ಸಂಜೆ ಆ ಕತೆಯೆಲ್ಲ ಓದಿ ಮುಗಿಸಿ, ಕಿಕ್ಕಿರಿದ ಲೋಕಲ್ ಹಿಡಿದು, ದಹಿಸರ್‌ನಲ್ಲಿ ಇಳಿದು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಮಗಳಿಗೆ ಇನ್ನೂ ಎಚ್ಚರವಿತ್ತು.

“ಊಟ ಆಯ್ತಾ ಪುಟ್ಟಿ?” ಎಂದೆ.

“ಜೇವ್ಲೇ,” ಎಂದು ಮರಾಠಿಯಲ್ಲಿ ಹೇಳಿ, ಅವಳು ಆಜಿಯ ಸೆರಗಿನ ಹಿಂದೆ ಸರಿದಳು.