ಏಕಾಂತಯ್ಯನವರು ಮೂಸಿ ಹೇಳಿದ ಮಾತು

ನಮ್ಮ ಮಹಡಿ ಮೇಲಿನ ಮನೆಯ ಏಕಾಂತಯ್ಯನವರು ಬೆಳ್ಳಿ ಪಾತ್ರೆಗೆ ಪಾಲಿಶ್ ಹಾಕೋ ಕೆಲಸದಲ್ಲಿ ಮೂವತ್ತೆರಡು ವರ್ಷ ಸವೆಸಿದವರು. ಕಪ್ಪಾದ ಚೊಂಬು, ತಟ್ಟೆ, ದೀಪ ಎಲ್ಲ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ ಕೈ. ಕೆಲಸ ಬಿಟ್ಟು ಬನಶಂಕರಿಗೆ ಬಂದಮೇಲೆ ಹಳೇ ನಾಣ್ಯದ ಹುಚ್ಚು ಹತ್ತಿತು. ಅಲ್ಲಿ ಎಲ್ಲಾ ಉಲ್ಟಾ, ಉಜ್ಜಿದರೆ ಕೆಟ್ಟಿತು. ಎಷ್ಟೋ ವರ್ಷ ಗಾಳಿ, ಕಾಗದ, ಬಟ್ಟೆ ತಾಗಿ ಬೆಳ್ಳಿ ಮೇಲೆ ತಾನಾಗೇ ಬಣ್ಣ ಕೂರುತ್ತೆ. ಅಂಚಿನಲ್ಲಿ ನೀಲಿ, ಒಳಗೆ ನೇರಳೆ, ನಡುವೆ ಜೇನಿನ ಬಣ್ಣ. ನಾಣ್ಯದವರು ಸಾಯೋದು ಅದಕ್ಕೇ. ಅದಕ್ಕೆ ಮೋಸವೂ ಇದೆ. ಬೇಯಿಸಿದ ಮೊಟ್ಟೆ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಎರಡೇ ದಿನಕ್ಕೆ ಅಂಥದೇ ಬಣ್ಣ ಬರುತ್ತಂತೆ.

ಯಾವುದು ಕೂತ ಬಣ್ಣ, ಯಾವುದು ಕೂರಿಸಿದ ಬಣ್ಣ ಅಂತ ಹೇಳೋಕೆ ಏಕಾಂತಯ್ಯನವರು ಬೇಕಿತ್ತು. ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡೋರು. ಕೂತ ಬಣ್ಣ ಒಂದರೊಳಗೊಂದು ಕರಗಿರುತ್ತೆ, ಅಕ್ಷರದ ಬುಡದಲ್ಲಿ ತೆಳುವಾಗಿರುತ್ತೆ. ಕೂರಿಸಿದ್ದು ಪೇಂಟ್ ಥರ ಗೀರಿನ ಮೇಲೂ ಹಾದಿರುತ್ತೆ ಅಂತ ಹೇಳೋರು. ಅವರು ಹೂಂ ಅಂದರೆ ಮುಗೀತು. ಯಾರ ಹತ್ತಿರವೂ ಕಾಸು ಮುಟ್ಟಲಿಲ್ಲ. ಆ ಹೂಂ ಒಂದೇ ಅವರ ಆಸ್ತಿ.

ಈ ಸಲ ಯುಗಾದಿ ಆದಮೇಲೆ ಅದು ತಪ್ಪಿತು. ಅವರು ಹೂಂ ಅಂದ ನಾಣ್ಯ ಮೊಟ್ಟೆ ಡಬ್ಬಿಯದು ಅಂತ ಆಮೇಲೆ ಗೊತ್ತಾಯಿತು. ಕೊಂಡಿದ್ದವನು ಜಯನಗರದ ಶಶಿಧರ್, ನಾಣ್ಯ ಕೂಡಿಡೋದರಲ್ಲಿ ಎತ್ತಿದ ಕೈ. "ವಯಸ್ಸಾಯ್ತು ಅಂಕಲ್, ಇನ್ನು ರೆಸ್ಟ್ ತಗೊಳ್ಳಿ" ಅಂದ. ನಗ್ತಾನೇ ಅಂದ. ಆವತ್ತಿಂದ ಇವರಿಗೆ ಎಲ್ಲಾ ನಾಣ್ಯದಲ್ಲೂ ಮೊಟ್ಟೆ ಕಾಣೋಕೆ ಶುರುವಾಯಿತು.

ಅಂಥ ಹೊತ್ತಲ್ಲೇ ಮಧುಮತಿ ಬಂದಿದ್ದು. ಹಾವೇರಿ ಕಡೆ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ಮನೆ, ಯಾವುದೋ ಆಫೀಸಲ್ಲಿ ರಾತ್ರಿ ಪಾಳಿ. ತೀರಿಹೋದ ಅಜ್ಜಿ ಕೆಂಚವ್ವ ಬಿಟ್ಟುಹೋದ, ಬ್ರಿಟಿಷರ ಕಾಲದ ರಾಣಿ ಮುಖದ ಬೆಳ್ಳಿ ರೂಪಾಯಿ ತಂದಿದ್ದಳು. ಶಶಿಧರ್ ಕೊಳ್ತೀನಿ ಅಂದಿದ್ದ, ಮೊದಲು ಅಂಕಲ್ ನೋಡಲಿ ಅಂದಿದ್ದ. ಭಾನುವಾರ ನಾಣ್ಯದವರೆಲ್ಲ ಸೇರೋ ಹಾಲಿನಲ್ಲಿ, ಅಷ್ಟು ಜನರ ಮುಂದೆ, ಏಕಾಂತಯ್ಯನವರು ಕಿಟಕಿ ಹತ್ತಿರ ಹೋಗಲಿಲ್ಲ, ಭೂತಗನ್ನಡಿ ತೆಗೆಯಲಿಲ್ಲ. ಮೂಗಿಗೆ ಹಿಡಿದರು.

"ವಾಸನೆ ಬರ್ತಿದೆ ಕಣಮ್ಮ. ಮೊಟ್ಟೆ ಜೊತೆ ಇಟ್ಟಿದ್ದು ಇದು."

"ನಮ್ಮ ಮನ್ಯಾಗ ತತ್ತಿ ಹೊಸ್ತಿಲಾ ದಾಟಂಗಿಲ್ರೀ ಸರ್" ಅಂದಳಂತೆ ಅವಳು.

"ಪಕ್ಕದ ಮನೆ ಕೋಳಿ ಬಂದು ಇಟ್ಟು ಹೋಗಿರುತ್ತೆ ಬಿಡಿ" ಅಂದ ಹಿಂದಿನಿಂದ ಯಾರೋ. ಎಲ್ಲ ನಕ್ಕರು. ಹುಡುಗಿ ರೂಪಾಯಿಯನ್ನ ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟಳು. ಅವಳು ಮನೆ ಸೇರೋ ಹೊತ್ತಿಗೆ ನಾಣ್ಯದವರ ವಾಟ್ಸಾಪ್ ಗ್ರೂಪಿನಲ್ಲಿ ಆ ರೂಪಾಯಿಯ ಫೋಟೋ, ಕೆಳಗೆ ಅವಳ ಹೆಸರು, "ಹುಷಾರ್" ಅಂತ.

ಎರಡು ದಿನ ಏಕಾಂತಯ್ಯನವರು ಮೆಟ್ಟಿಲು ಹತ್ತೋದು, ಇಳಿಯೋದು. "ಅಕ್ಕಾ, ಬಿಸಿಲಿಗೆ ಹಿಡೀಲಿಲ್ಲ ನಾನು" ಅಂತ ನನ್ನ ಹತ್ತಿರ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ.

ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಅವರ ಹೆಂಡತಿ ಅನ್ನಪೂರ್ಣ ಸಾರಿನ ಒಗ್ಗರಣೆಗೆ ಅಂತ ಗಟ್ಟಿ ಇಂಗಿನ ಡಬ್ಬಿ ತೆಗೆದಳು. ಇವರು ತಟ್ಟೆ ಬಿಟ್ಟು ಎದ್ದು ಡಬ್ಬಿ ಕಿತ್ಕೊಂಡು ಮೂಸಿದರು.

"ಇದೇ ಕಣೇ. ಅವತ್ತು ಬಂದಿದ್ದು ಇದೇ ವಾಸನೆ. ಇಂಗಲ್ಲೂ ಮೊಟ್ಟೆ ಥರ ಗಂಧಕ ಇರುತ್ತೆ."

ಶಶಿಧರನ ಹತ್ತಿರ ನಂಬರು, ಅಡ್ರೆಸ್ಸು ಇಸ್ಕೊಂಡು ಫೋನ್ ಮಾಡಿದರು. "ಆ ರೂಪಾಯಿ ಎಲ್ಲಿತ್ತಮ್ಮ?"

"ಅಜ್ಜಿ ಇಂಗಿನ ಡಬ್ಬ್ಯಾಗ ಇಟ್ಟಿದ್ಲ್ರೀ. ಗಂಡಸರು ಇಂಗಿನ ಡಬ್ಬಿಗೆ ಕೈ ಹಾಕಂಗಿಲ್ಲಂತ ಅಲ್ಲೇ ಮುಚ್ಚಿಟ್ಟಿದ್ಲು, ನಲವತ್ತು ವರ್ಷ. ಅವತ್ತ ನೀವು ಕೇಳಲೇ ಇಲ್ಲ. ಈಗ ಹುಣಸೇಹಣ್ಣು ನೆನಿ ಹಾಕೀನಿ. ತಿಕ್ಕಿ ಬೆಳ್ಳಗ ಮಾಡಿ ಊರಿಗೆ ಕಳಸ್ತೀನಿ. ನಮ್ಮಜ್ಜಿ ರೂಪಾಯಿಗೆ ಯಾರೂ ಖೋಟಾ ಅನಬಾರದು."

"ಉಜ್ಜಬೇಡ ತಾಯಿ" ಅನ್ನೋಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಗಂಡ ಹೆಂಡತಿ ಕೈ ತೊಳೆದವರೇ ಆಟೋ ಹಿಡಿದರು. ಸಿಗ್ನಲ್ಲು ಸಿಗ್ನಲ್ಲಿಗೂ ಗಾಡಿ ನಿಂತಿತು. ಏಕಾಂತಯ್ಯನವರು ಫೋನ್ ಒತ್ತುತ್ತಾನೇ ಇದ್ದರು.

"ಉಜ್ಜಿಬಿಟ್ಟರೆ ಅವಳು ಮೋಸ ಮಾಡಿಲ್ಲ ಅಂತ ತೋರಿಸೋಕೆ ಏನೂ ಉಳಿಯಲ್ಲ ಕಣೇ. ನಾನು ಹೇಳಿದ ಸುಳ್ಳೇ ನಿಂತುಬಿಡುತ್ತೆ."

"ಮೂವತ್ತೆರಡು ವರ್ಷ ಉಜ್ಜಿದೋರು, ಈಗ ಉಜ್ಜಬೇಡ ಅಂತ ಓಡ್ತಿದ್ದೀರ" ಅಂದಳಂತೆ ಅನ್ನಪೂರ್ಣ.

ಹೋಗಿ ನೋಡಿದರೆ ಸಿಂಕಿನ ಪಕ್ಕ ಹುಣಸೇ ರಸದ ಬಟ್ಟಲು. ರಾಣಿ ಮುಖ ಹೊಸ ಚಮಚದ ಥರ ಬೆಳ್ಳಗೆ ಹೊಳೀತಿತ್ತು. ಇನ್ನೊಂದು ಕಡೆ ಮಾತ್ರ ಹಾಗೇ ಇತ್ತು. ಏಕಾಂತಯ್ಯನವರು ಅದನ್ನ ಬಾಲ್ಕನಿ ಬಿಸಿಲಿಗೆ ಹಿಡಿದು ಭೂತಗನ್ನಡಿ ಇಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರಂತೆ.

"ಕೂತ ಬಣ್ಣ ಇದು. ಬಣ್ಣಕ್ಕೆ ಅಂತ ಇಟ್ಟಿದ್ದಲ್ಲ, ಬಚ್ಚಿಡೋಕೆ ಅಂತ ಇಟ್ಟಿದ್ದು. ನಿಧಾನಕ್ಕೆ ತಾನಾಗೇ ಕೂತಿದೆ. ಅರ್ಧ ಹೋಯ್ತಮ್ಮ, ನನ್ನಿಂದ ಹೋಯ್ತು."

"ಹೋದದ್ದು ಹೋಗ್ಲಿ ಬಿಡ್ರೀ. ಗ್ರೂಪಿನ್ಯಾಗ ನನ್ನ ಹೆಸರೈತಲ್ಲ, ಅದಕ್ಕೇನ್ ಮಾಡ್ತೀರಿ?"

ಏಕಾಂತಯ್ಯನವರಿಗೆ ಟೈಪ್ ಮಾಡೋಕೆ ಬರಲ್ಲ. ಅಲ್ಲೇ ನಿಂತು ಗ್ರೂಪಿಗೆ ವಾಯ್ಸ್ ಕಳಿಸಿದರು. "ನಾನು ಏಕಾಂತಯ್ಯ. ಮಧುಮತಿಯವರ ನಾಣ್ಯ ಸಾಚಾ. ನಾನು ನೋಡದೇ, ಮೂಸಿ ಹೇಳಿದೆ. ತಪ್ಪು ನಂದು, ಅವರದಲ್ಲ. ಆ ಫೋಟೋ ತೆಗೀರಿ."

ಆಮೇಲೆ ಫೋಟೋ ಹೋಯಿತು. ಹಿಂದೆಯೇ ಶಶಿಧರನ ಮೆಸೇಜ್ ಬಂತು, ಮಧುಮತಿಯೇ ಓದಿ ಹೇಳಿದಳು. "ಹಾಗಾದ್ರೆ ಅಂಕಲ್, ಇಷ್ಟು ವರ್ಷ ನೀವು ಹೂಂ ಅಂದ ನಾಣ್ಯಗಳ ಕಥೆ?"

ಈ ಪ್ರಶ್ನೆ ಬರುತ್ತೆ ಅಂತ ಅವರಿಗೆ ಆಟೋದಲ್ಲೇ ಗೊತ್ತಿತ್ತಂತೆ. ಮತ್ತೆ ಮೈಕ್ ಒತ್ತಿ ಹಿಡಿದು, "ಎಲ್ಲಾ ತನ್ನಿ. ಇನ್ನೊಂದು ಸಲ ನೋಡ್ತೀನಿ" ಅಂದರು.

ತರ್ತಿದ್ದಾರೆ. ಬೆಳಗ್ಗೆ ಬಿಸಿಲು ಬರೋ ಹೊತ್ತಿಗೆ ಒಬ್ಬರೋ ಇಬ್ಬರೋ ಮೆಟ್ಟಿಲು ಹತ್ತುತ್ತಾರೆ. ಇದುವರೆಗೆ ಹದಿನಾಲ್ಕು ನೋಡಿದ್ದಾರೆ. ಎರಡರಲ್ಲಿ ಅವರ ಹೂಂ ತಪ್ಪಿತ್ತು, ತಪ್ಪು ಅಂತಲೇ ಹೇಳಿದರು. ಒಬ್ಬೊಬ್ಬರು ಪೊಟ್ಟಣ ಬಿಚ್ಚುವಾಗಲೂ ಅನ್ನಪೂರ್ಣ ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬರ್ತಾಳೆ, ಗಂಡನ ಬಾಯಿಂದ ಮಾತು ಹೊರಡೋ ತನಕ ಒಳಗೆ ಹೋಗಲ್ಲ.